ಮಾರಮ್ಮ ಬೇಡವೆಂದ ಅಂಕಪಟ್ಟಿ

ಡಿ.ಎಡ್ ಸೀಟಿಗೆ ಊರೂರೇ ಬಾಯಿಬಿಡುತ್ತಿದ್ದ ಎರಡು ಸಾವಿರದ ನಾಲ್ಕೈದರ ಕಾಲ. ಎರಡನೇ ಪಿಯುಸಿಯಲ್ಲಿ ನನಗೆ ನೂರಕ್ಕೆ ಐವತ್ತೆಂಟು ಬಂತು. ಭೀಮನಬೀಡಿನ ನಮ್ಮ ಬೀದಿಯಲ್ಲಿ ಪಾಸಾದ ಹುಡುಗಿ ನಾನೊಬ್ಬಳೇ ಆದ್ದರಿಂದ ಸಂಜೆಯವರೆಗೂ ಚೆನ್ನಾಗಿಯೇ ಮೆರೆದೆ. ಸಂಜೆ ಅಪ್ಪ ಗುಂಡ್ಲುಪೇಟೆಯಿಂದ ಸುದ್ದಿ ತಂದ. ಇಷ್ಟಕ್ಕೆ ಸರ್ಕಾರಿ ಡಿ.ಎಡ್ ಸೀಟು ಸಿಗುವುದಿಲ್ಲವಂತೆ. ಆದರೆ ಈ ಫಲಿತಾಂಶ ಬೇಡವೆಂದು ಬರೆದುಕೊಟ್ಟು ಅಂಕಪಟ್ಟಿ ವಾಪಸು ಮಾಡಿದರೆ ಪರೀಕ್ಷೆ ಮತ್ತೆ ಬರೆಯಬಹುದಂತೆ. ಅದಕ್ಕೆ ರಿಜೆಕ್ಷನ್ ಅಂತ ಹೆಸರು. ಒಮ್ಮೆ ಕೊಟ್ಟರೆ ಹಳೆಯ ಅಂಕ ಸತ್ತಂತೆ. ಮತ್ತೆ ಬರೆದು ಫೇಲಾದರೆ ಇದ್ದ ಪಾಸೂ ಹೋಯಿತು.

ನನ್ನನ್ನು ಟೀಚರ್ ಮಾಡಬೇಕೆಂಬ ಹಟ ಅಪ್ಪನದು. ನನಗೋ ಚಾಮರಾಜನಗರದಲ್ಲಿ ಬಿ.ಎ.ಗೆ ಸೇರಿ ದಿನಾ ಬಸ್ಸಿನ ಕಿಟಕಿ ಪಕ್ಕ ಕೂತು ಹೋಗಿಬಂದರೆ ಸಾಕಿತ್ತು. ಕೈಗೆ ಬಂದ ತುತ್ತನ್ನು ಯಾರಾದರೂ ಬಿಸಾಡುತ್ತಾರೆಯೇ ಎಂದು ಅವ್ವ ನನ್ನ ಕಡೆ. ಮನೆಯಲ್ಲಿ ಎರಡು ದಿನ ಇದೇ ರಾಮಾಯಣ. ಮೂರನೇ ದಿನ ಅಜ್ಜಿ, "ನೀವ್ಯಾಕೆ ಕಿತ್ತಾಡೀರಿ, ಮಾರಮ್ಮನ್ನ ಕೇಳ್ಬುಡನ" ಎಂದಳು.

ಕೇಳುವುದೆಂದರೆ ಹೂ ಕೇಳುವುದು. ಪೂಜಾರಿ ದೇವರ ಎರಡು ಭುಜಕ್ಕೂ ಒದ್ದೆ ಹೂ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಉಹೂಂ.

ಹೂ ಕುಯ್ದು ತರುವ ಕೆಲಸ ನನಗೇ ಬಿತ್ತು. ಕಳ್ಳನ ಕೈಗೆ ಬೀಗದಕೈ ಕೊಟ್ಟಂತಾಯಿತು. ಹಿತ್ತಲಿನಿಂದ ಒಂದೇ ಅಳತೆಯ ಎರಡು ಚೆಂಡುಹೂ ಕುಯ್ದು, ಒಂದರ ಎಸಳು ಬಿಡಿಸಿ ಒಳಗೆ ಸಣ್ಣ ಕಲ್ಲು ತುರುಕಿದೆ. ಅಂಕಪಟ್ಟಿ ವಾಪಸು ಕೊಡಲೇ ಎಂದು ಕೇಳುತ್ತಾರೆ, ಎಡಗಡೆ ಹೂ ಬೀಳುತ್ತದೆ, ಮಾರಮ್ಮ ಬೇಡ ಎನ್ನುತ್ತಾಳೆ ಎಂಬುದು ನನ್ನ ಲೆಕ್ಕ. ಗುಡಿಯಲ್ಲಿ ಪೂಜಾರಿ ಕೈ ನೀಡಿದಾಗ ಬಲಕ್ಕೆ ಬರೀ ಹೂವನ್ನೂ ಎಡಕ್ಕೆ ಕಲ್ಲಿನ ಹೂವನ್ನೂ ಭಕ್ತಿಯಿಂದ ಕೊಟ್ಟೆ.

ಆದರೆ ಪ್ರಶ್ನೆ ಕೇಳಿದ್ದು ಅಜ್ಜಿ. "ಕೂಸು ತಗಂಡಿರೋ ಮಾರ್ಕ್ಸ್‌ನೇ ಮಡಿಕಳದಾದ್ರೆ ಬಲಕ್ಕೆ ಕೊಡು ತಾಯಿ, ವಾಪಸ್ ಕೊಡದಾದ್ರೆ ಎಡಕ್ಕೆ ಕೊಡು."

ನನ್ನ ಲೆಕ್ಕ ಅಲ್ಲೇ ತಲೆಕೆಳಗಾಯಿತು. ಎಡಗಡೆ ಹೂ ನೆಲದ ಚಪ್ಪಡಿಯ ಮೇಲೆ ಟಕ್ಕೆಂದು ಬಿತ್ತು. ಪೂಜಾರಿ ಒಮ್ಮೆ ಹೂವನ್ನೂ ಒಮ್ಮೆ ನನ್ನನ್ನೂ ನೋಡಿದರು. ಅಜ್ಜಿ ಮಾತ್ರ ಕೆನ್ನೆ ಬಡಿದುಕೊಂಡು, "ಎಷ್ಟು ಗಟ್ಟಿಯಾಗಿ ಏಳ್ಬುಟ್ಲು ನೋಡು" ಎಂದಳು.

ಮಾರನೆಯ ದಿನ ಅಪ್ಪನ ಜೊತೆ ಗುಂಡ್ಲುಪೇಟೆಯ ಕಾಲೇಜು ಆಫೀಸಿಗೆ ಹೋದೆ. ಗುಮಾಸ್ತರು ಅರ್ಜಿ ಮುಂದಿಟ್ಟು, "ಸೈನ್ ಹಾಕಮ್ಮ, ಆಮೇಲೆ ಅತ್ರೂ ವಾಪಸ್ ಬರಲ್ಲ" ಎಂದರು. ಪೆನ್ನು ಕೆಳಗಿಟ್ಟೆ. ಅಪ್ಪನನ್ನು ಜಗಲಿಗೆ ಎಳೆದುಕೊಂಡು ಹೋಗಿ ಕಲ್ಲಿನ ವಿಷಯ ಒದರಿಬಿಟ್ಟೆ. ಏಟು ಬೀಳುತ್ತದೆ ಅಂದುಕೊಂಡಿದ್ದೆ. ಅಪ್ಪ ಕಂಬ ಹಿಡಿದುಕೊಂಡು ನಕ್ಕ. ನಕ್ಕು ಮುಗಿದ ಮೇಲೆ ಕೇಳಿದ: "ಬಾಯ್ಬುಟ್ಟು ಏಳಕ್ಕೇನಾಗಿತ್ತಮ್ಮಿ? ಯಾಕ್ ಬ್ಯಾಡ ನಿಂಗೆ?"

ಬಿ.ಎ., ಬಸ್ಸು, ಎಲ್ಲ ಉತ್ತರವೂ ನಾಲಿಗೆ ತುದಿಯಲ್ಲಿತ್ತು. ಬಂದದ್ದು ಬೇರೆ. "ಕಷ್ಟಪಟ್ಟೇ ಓದಿದ್ದೆ ಅಪ್ಪ. ಇನ್ನೊಂದ್ಸಲ ಬರದ್ರೂ ಇಷ್ಟೇ ಬಂದ್ರೆ?" ಎಂದು ಅತ್ತುಬಿಟ್ಟೆ. ಆ ಅಂಕಪಟ್ಟಿ ನನ್ನ ಹತ್ತಿರವೇ ಇದ್ದರೆ, ಮತ್ತೆ ಬರೆದಿದ್ದರೆ ಎಷ್ಟು ಬರುತ್ತಿತ್ತೋ ಎಂದು ಸಾಯುವವರೆಗೂ ಕೊಚ್ಚಿಕೊಳ್ಳಬಹುದಿತ್ತು.

ಅಪ್ಪ ಸಮಾಧಾನವನ್ನೇನೂ ಹೇಳಲಿಲ್ಲ. "ಬಂದ್ರೆ, ಇಷ್ಟೇ ಅಂತ ಗೊತ್ತಾಯ್ತದೆ ಕಣಮ್ಮಿ. ಬ್ಯಾಡ ಅಂದ್ರೂ ಸರಿ. ನಾನ್ ಟೀ ಕುಡ್ದು ಬತ್ತೀನಿ, ನೀನೇ ನೋಡು" ಎಂದು ಹೊರಟುಹೋದ.

ಅವನು ಬರುವಷ್ಟರಲ್ಲಿ ಸೈನ್ ಹಾಕಿ ಅಂಕಪಟ್ಟಿ ಕೊಟ್ಟಿದ್ದೆ. ನಾನೀಗ ಮತ್ತೆ ಬರೀ ಎಸ್ಸೆಸ್ಸೆಲ್ಸಿ ಪಾಸಾದವಳು. ಭಯ ಹಾಗೇ ಇತ್ತು. ಅದನ್ನು ಮುಚ್ಚಿಡುವುದಕ್ಕೆ ಮಾತ್ರ ಏನೂ ಉಳಿದಿರಲಿಲ್ಲ.