ನಾಲ್ಕನೆಯವರ ಲೆಕ್ಕಕ್ಕೆ ಒಂದು ಕಲ್ಲು

ಮೊದಲೇ ಹೇಳಿಬಿಡುತ್ತೇನೆ, ನಾನು ದೆವ್ವ ಪಿಶಾಚಿ ಅಂತ ನಡುಗುವ ಆಸಾಮಿಯಲ್ಲ. ಹೆಬ್ಬಾಳದ ಕೆರೆ ಹಿಂದಿನ ನಮ್ಮ ದ್ರಾಕ್ಷಿ ತೋಟದಲ್ಲಿ ಕಾವಲಿಗೆ ಅಂತ ಎಷ್ಟೋ ರಾತ್ರಿ ಒಬ್ಬನೇ ಮಲಗಿದ್ದೇನೆ. ಮೋಹಿನಿ ಕಂಡೆ ಅಂತ ಓಡಿ ಬಂದವರನ್ನು, ‘ನನಗೂ ಸ್ವಲ್ಪ ಪರಿಚಯ ಮಾಡಿಸ್ರಪ್ಪ’ ಅಂತ ರೇಗಿಸಿದ್ದೇನೆ. ಅಂಥ ನಾನೇ ಈಗ ಹೇಳುತ್ತಿದ್ದೇನೆ... ಇದು ನಡೆದದ್ದು. ನನ್ನ ಈ ಎರಡು ಕೈಗಳಲ್ಲೇ ನಡೆದದ್ದು.

ಅರವತ್ತರ ದಶಕ. ನಮಗಿದ್ದವಳು ಒಬ್ಬಳೇ ಮಗಳು, ಪುಟ್ಟಿ. ಆರು ವರ್ಷ ತುಂಬಿತ್ತು. ಬೇಸಿಗೆಯಲ್ಲಿ ಜ್ವರ ಬಂತು, ಆಸ್ಪತ್ರೆಗೆ ಎತ್ತಿಕೊಂಡು ಓಡಿದೆ, ವಾರ ತುಂಬುವುದರೊಳಗೆ ಹೋಗಿಬಿಟ್ಟಳು. ಅವತ್ತಿನಿಂದ ನನ್ನ ಹೆಂಡತಿ ಜಯಮ್ಮ ಅಳಲಿಲ್ಲ. ಒಂದು ಹನಿ ಕಣ್ಣೀರಿಲ್ಲ. ನಿದ್ದೆಯಿಲ್ಲ, ಮಾತಿಲ್ಲ, ತಟ್ಟೆ ಮುಂದಿಟ್ಟರೆ ಎರಡು ತುತ್ತು. ಮಗಳು ಹೋದಳು, ಇವಳೂ ಕೈಬಿಟ್ಟು ಹೋಗುತ್ತಿದ್ದಾಳೆ ಅಂತ ನಾನು ಒಳಗೊಳಗೇ ಸಾಯುತ್ತಿದ್ದೆ.

ಅವಳ ತವರು ಮಾಕಳಿ ಆಚೆ, ಅರ್ಕಾವತಿ ಹೊಳೆಯ ದಡದಲ್ಲಿ. ಅವಳ ತಮ್ಮ ನಂಜುಂಡ ಆಚೆ ದಡದ ಹೊಲಕ್ಕೆ ಹೋಗಿ ಬರಲು ಒಂದು ಹರಿಗೋಲು ಇಟ್ಟುಕೊಂಡಿದ್ದ. ‘ಹೊಳೆ ತುಂಬಲಿ, ಒಂದು ದಿನ ಪೂರ್ತಿ ತೇಲಿಸ್ತೀನಿ’ ಅಂತ ಪುಟ್ಟಿಗೆ ಮಾತು ಕೊಟ್ಟಿದ್ದವನು. ಮಳೆಗಾಲ ಕಳೆದ ಮೇಲೆ ನಮ್ಮ ಮನೆಗೆ ಬಂದಾಗ ಬಾಯಿತಪ್ಪಿ, “ಈ ಸಲ ಒಳೆ ತುಂಬೈತೆ ಅಕ್ಕ” ಅಂದುಬಿಟ್ಟ. ನಾನು ಕೆಕ್ಕರಿಸಿ ನೋಡಿದೆ. ಆದರೆ ಜಯಮ್ಮ ತಿಂಗಳುಗಳ ಮೇಲೆ ಬಾಯಿ ಬಿಟ್ಟಳು.

“ನಾನು ಹೋಗ್ಬೇಕು.”

ನನಗೆ ಅಷ್ಟು ಸಾಕಿತ್ತು. ಶನಿವಾರ ಸಂಜೆಯೇ ಅವಳ ತವರಿಗೆ ಹೋದೆವು, ಭಾನುವಾರ ಬೆಳಗ್ಗೆ ಹರಿಗೋಲು ಹತ್ತುವುದು ಅಂತ.

ಊಟವಾದ ಮೇಲೆ ಅಂಗಳದಲ್ಲಿ ಲಾಟೀನು ಇಟ್ಟುಕೊಂಡು ಕೂತೆವು. ಕವುಚಿ ಹಾಕಿದ್ದ ಹರಿಗೋಲನ್ನು ನಂಜುಂಡ ಅಂಗಾತ ಮಾಡಿದ. ಬಿದಿರು ಹೆಣೆದು ತೊಗಲು ಹೊದಿಸಿದ್ದು, ದೊಡ್ಡ ಬುಟ್ಟಿಯ ಹಾಗೆ. ಯಾರು ಎಲ್ಲಿ ಕೂರುವುದು ಅಂತ ಮೂವರೂ ಅದರೊಳಗೆ ಕೂತೇ ನೋಡಿದೆವು.

“ಭಾವ, ಒತ್ತುಟ್ಟಾಕ್ ಮುಂಚೆ ಒಂಟ್ಬಿಡಾನ,” ಅಂದ ನಂಜುಂಡ. “ಬಂಡೆ ಸಿಕ್ಕಿದ ಕಡೆ ನಾನು ಇಳ್ದು ತಳ್ತೀನಿ. ಮದ್ಯಾನ್ಕೆ ಒಂಗೆ ತೋಪು ಸಿಗ್ತದೆ, ಅಲ್ಲೇ ಬುತ್ತಿ ಬಿಚ್ಚಾನ. ಸಂಜೀಕೆ ನಮ್ಮ ಮಾವನ ಊರು, ಅವ್ರು ಗಾಡಿ ಕಟ್ಕೊಂಡು ಕಾಯ್ತಿರ್ತಾರೆ.”

“ಬುತ್ತಿಗೆ ಏನು?” ಅಂದೆ.

“ಚಿತ್ರಾನ್ನ,” ಅಂದಳು ಜಯಮ್ಮ ಮೆಲ್ಲಗೆ.

ಪುಟ್ಟಿಗೆ ಚಿತ್ರಾನ್ನ ಅಂದರೆ ಪ್ರಾಣ. 

ಬಾಗಿಲಲ್ಲಿ ನಿಂತಿದ್ದ ನಮ್ಮತ್ತೆ ತಲೆ ಎಣಿಸಿದರು. “ಮೂರು ಜನ ಒಂಟ್ರೆ ಒಳ್ಳೇದಾಗಾಕಿಲ್ಲ ಕಣಪ್ಪಾ. ನಾಕ್ನೇದಾಗಿ ಒಂದು ಕಲ್ಲಾದ್ರೂ ಜೊತೇಗೆ ಇಕ್ಕೊಳ್ಳಿ.”

ನಮ್ಮ ಕಡೆ ಇದು ಉಂಟು. ಮೂವರು ಒಟ್ಟಿಗೆ ಪ್ರಯಾಣ ಹೊರಡಬಾರದು, ಹೊರಡಲೇಬೇಕಾದರೆ ನಾಲ್ಕನೆಯವರ ಲೆಕ್ಕಕ್ಕೆ ಒಂದು ಕಲ್ಲು ಒಯ್ಯಬೇಕು. “ಕಲ್ಲಿಗೂ ಚಿತ್ರಾನ್ನ ಕಟ್ಬೇಕಾ ಅತ್ತೆ?” ಅಂತ ರೇಗಿಸಿದೆ. ಎಲ್ಲರೂ ಒಳಗೆ ಹೋದ ಮೇಲೆ, ಹಿತ್ತಲ ಕತ್ತಲಲ್ಲಿ ತಡಕಾಡಿ, ಕೈಗೆ ಸಿಕ್ಕ ಒಂದು ಹಳೆಯ ರುಬ್ಬುವ ಗುಂಡು ತಂದು ಹರಿಗೋಲಿನಲ್ಲಿ ಇಟ್ಟೆ. ಜಗಲಿ ಮೇಲೆ ಚಾಪೆ ಹಾಸಿ ಮಲಗಿದೆ.

ಯಾವಾಗಲೋ ಎಚ್ಚರವಾಯಿತು...

ಕಿರ್... ಕಿರ್... ಬಿದಿರು ಬಾಗುವ ಸದ್ದು. ಅದರ ಜೊತೆಗೆ ಹೆಂಗಸೊಬ್ಬಳ ಗುನುಗು. ಜೋ ಜೋ... ಜೋ ಜೋ...

ಮಬ್ಬು ಬೆಳದಿಂಗಳು. ಹರಿಗೋಲಿನಲ್ಲಿ ಜಯಮ್ಮ ಕೂತಿದ್ದಳು. ಬೆನ್ನು ನನ್ನ ಕಡೆ, ತಲೆ ಮೇಲೆ ಸೆರಗು. ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದಳು. ಒಂದೆಲೆ ಅಲ್ಲಾಡುವಷ್ಟೂ ಗಾಳಿ ಇರಲಿಲ್ಲ. ಆದರೂ ಮೂಗಿಗೆ ಬಂತು ಸಾಂಬ್ರಾಣಿ ಹೊಗೆ, ಹರಳೆಣ್ಣೆ, ಎಳೆ ಮಗುವಿನ ನೆತ್ತಿಯ ವಾಸನೆ...

ಹತ್ತಿರ ಹೋದೆ.

“ಜಯಾ... ಒಳಗೆ ಬಾ, ಇಬ್ಬನಿ ಬೀಳ್ತಿದೆ.”

“ಶ್... ಈಗ ತಾನೆ ಕಣ್ಣು ಮುಚ್ತು,” ಪಿಸುಮಾತು. “ಸ್ವಲ್ಪ ಎತ್ಕೊಳ್ಳಿ. ಕೈ ಸೋತುಹೋಗಿದೆ.”

ತಿರುಗದೆಯೇ, ಬಟ್ಟೆಯಲ್ಲಿ ಸುತ್ತಿದ್ದನ್ನು ನನ್ನ ಕಡೆ ಚಾಚಿದಳು. ಆ ಗುಂಡುಕಲ್ಲನ್ನೇ ಮಗು ಅಂದುಕೊಂಡಿದ್ದಾಳೆ, ಬುದ್ಧಿ ಕೆಟ್ಟಿದೆ ಅಂತ ತಿಳಿದು ಸುಮ್ಮನೆ ಕೈ ಒಡ್ಡಿದೆ.

ಅದು ಬೆಚ್ಚಗಿತ್ತು...

ನಿದ್ದೆ ಹೋದ ಮಕ್ಕಳ ಹಾಗೆ ಮೈ ಬಿಟ್ಟು ನನ್ನ ಎದೆಗೆ ಒರಗಿತು. ಕತ್ತಿನ ಹತ್ತಿರ ಉಸಿರು ತಾಕಿತು. ಒಂದು... ಮತ್ತೊಂದು... ಮೈಯ ಕೂದಲೆಲ್ಲ ನಿಮಿರಿ ನಿಂತಿತು. ಗಾಬರಿಯಲ್ಲಿ ಅದನ್ನು ಹರಿಗೋಲಿನೊಳಗೆ ಇಳಿಸಿಬಿಟ್ಟೆ. ದೊಪ್ ಅಂತ ಕಲ್ಲು ಬಿದ್ದ ಸದ್ದು. ತಲೆ ಎತ್ತಿದರೆ ಅಲ್ಲಿ ಯಾರೂ ಇಲ್ಲ. ಜಯಮ್ಮ ಒಳಗೆ ಹೋದಳು ಅಂದುಕೊಂಡೆ. ಹಾಗೆ ಅಂದುಕೊಳ್ಳದೆ ಬೇರೆ ದಾರಿ ಇರಲಿಲ್ಲ.

ಬೆಳಕು ಹರಿಯುವ ಮುಂಚೆ ಒಗ್ಗರಣೆ ವಾಸನೆ ಬಂತು. ಜಯಮ್ಮ ಚಿತ್ರಾನ್ನ ಕಲಸುತ್ತಿದ್ದಳು. ಮುಖ ತಿಳಿಯಾಗಿತ್ತು. ಅಂಗಳಕ್ಕೆ ಬಂದ ಅತ್ತೆ ಕಲ್ಲು ನೋಡಿ ಹಣೆ ಚಚ್ಚಿಕೊಂಡರು.

“ಅಯ್ಯೋ ಅಳಿಯಂದ್ರೇ, ಓಗಿ ಓಗಿ ಇದ್ನೇ ತಂದ್ರಾ? ಪುಟ್ಟಿಗೆ ಎಸ್ರಿಟ್ಟ ದಿನ ತೊಟ್ಲಾಗೆ ಮನಗ್ಸಿದ್ ಗುಂಡು ಕಣಪ್ಪಾ ಇದು!”

ನಾಮಕರಣದ ದಿನ ಮಗುವಿಗಿಂತ ಮುಂಚೆ ಗುಂಡುಕಲ್ಲಿಗೆ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ತೊಟ್ಟಿಲಲ್ಲಿ ಮಲಗಿಸಿ ತೂಗುತ್ತಾರೆ. ಅದೆಲ್ಲ ಹೆಂಗಸರ ಶಾಸ್ತ್ರ. ಅವತ್ತು ನಾನು ಚಪ್ಪರದಲ್ಲಿ ಗಂಡಸರ ಜೊತೆ ಎಲೆ ಅಡಿಕೆ ಹಾಕಿಕೊಂಡು ಹರಟುತ್ತಿದ್ದೆ. ಯಾವ ಕಲ್ಲು ಅಂತ ನನಗೇನು ಗೊತ್ತು?

ಜಯಮ್ಮ ಹೊರಗೆ ಬಂದು ಕಲ್ಲನ್ನು ನೋಡಿದಳು. ಅಂಗೈಯಿಂದ ಸವರಿದಳು. ಅದನ್ನು ತಬ್ಬಿ ಎತ್ತಿಕೊಂಡು ಹೋಗಿ ಹಿತ್ತಲಲ್ಲಿ ಇಟ್ಟು ಬಂದಳು.

“ಬೇಡಮ್ಮ,” ಅಂದಳು ತಾಯಿಗೆ. “ನಾವೀಗ ಮೂರೇ ಜನ. ಮೂರೇ ಜನ ಹೋಗ್ತೀವಿ.”

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನನಗೆ ಜಯಮ್ಮನ ಮುಖ ನೋಡಲು ಆಗಲಿಲ್ಲ.

ಹೊಳೆ ನಿಧಾನವಾಗಿ ಹರಿಯುತ್ತಿತ್ತು. ನಂಜುಂಡ ಹುಟ್ಟು ಹಾಕುವ ಅಗತ್ಯವೇ ಇರಲಿಲ್ಲ. ಊರು ಮರೆಯಾದ ಮೇಲೆ ಜಯಮ್ಮ ಅಳಲು ಶುರುಮಾಡಿದಳು. ಹೊಂಗೆ ತೋಪು ಬರುವವರೆಗೂ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಬುತ್ತಿ ಬಿಚ್ಚಿ ನಮಗೆ ಬಡಿಸಿ, ತಾನೂ ಹೊಟ್ಟೆ ತುಂಬ ಉಂಡಳು. ಇವಳು ಉಳಿಯುತ್ತಾಳೆ ಅಂತ ನನಗೆ ಆಗ ಧೈರ್ಯ ಬಂತು.

ಕೈ ತೊಳೆಯುವಾಗ ಪಕ್ಕಕ್ಕೆ ಬಂದಳು. “ರಾತ್ರಿ ಎಂಥ ನಿದ್ದೆ ಬಂತು ರೀ... ಮಲಗಿದವಳು ಕೋಳಿ ಕೂಗೋವರೆಗೂ ಮಗ್ಗಲು ಕೂಡ ಬದಲಾಯಿಸ್ಲಿಲ್ಲ. ಎಲ್ಲಾ ನಿಮ್ಮಿಂದ.”

“ನನ್ನಿಂದಾನಾ?”

“ಅಂಗಳದಲ್ಲಿ ಕೂತು ಜೋ ಜೋ ಹಾಡ್ತಿದ್ರಲ್ಲ. ಒಳಗೆ ಕೇಳಿಸ್ತಿತ್ತು. ನಿಮಗೂ ನನ್ನಷ್ಟೇ ಸಂಕಟ ಇದೆ ಅಂತ ಆಗ ಗೊತ್ತಾಯ್ತು.”

ನಾನು ಹಾಡಿರಲಿಲ್ಲ. ಆದರೂ “ಹೂಂ” ಅಂದೆ. ಇವತ್ತಿಗೂ ಅವಳಿಗೆ ನಿಜ ಹೇಳಿಲ್ಲ.

ಹಾಗಾದರೆ ಸೆರಗು ಹೊದ್ದು ಕೂತಿದ್ದವಳು ಯಾರು? ಕೈ ಸೋತಿದೆ ಅಂದಳಲ್ಲ, ಅಷ್ಟು ದಿನ ಎತ್ತಿಕೊಂಡು ತಿರುಗುತ್ತಿದ್ದದ್ದು ಯಾರನ್ನು? ನೆನೆದರೆ ಈಗಲೂ ಬೆನ್ನು ತಣ್ಣಗಾಗುತ್ತದೆ. ದೆವ್ವದ ಭಯವಾದರೆ ಹೇಗೋ ತಡೆದುಕೊಳ್ಳಬಹುದು... ಕತ್ತಿಗೆ ತಾಕಿದ ಆ ಉಸಿರು ಯಾರದು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ, ನನ್ನ ಮಗಳಿಗೇ ಹೆದರಿ, ಕೆಳಗೆ ಇಳಿಸಿಬಿಟ್ಟೆ.