‘ಜಿ’ಗೂ ‘ಎಸ್’ಗೂ ನಡುವೆ ಒಂದು ಲೋಟ ಟೀ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಅಡುಗೆಮನೆಯಿಂದ ತಿಂಡಿಗಾಡಿ ಹೊರಡುತ್ತದೆ. ಎಡಕ್ಕೇ ಎಳೆಯುವ ಅದರ ಮೊಂಡು ಚಕ್ರವನ್ನು ಕಾಲಲ್ಲಿ ತಿದ್ದುತ್ತಾ ಬರುವವರನ್ನು ಇಲ್ಲಿ ಎಲ್ಲರೂ ಕರೆಯುವುದು ‘ತಿಂಡಿ ಅಕ್ಕ’ ಎಂದೇ. ಪಾರ್ಶ್ವವಾಯು ವಾರ್ಡಿನಲ್ಲಿ ಮಂಚದ ತಲೆಭಾಗದಲ್ಲಿ ರೋಗಿಯ ತೊಂದರೆ ಬರೆದು ತೂಗುಹಾಕಿದ ಹಲಗೆ ನೋಡದೆ ಅವರು ಯಾರಿಗೂ ಲೋಟ ಕೊಡುವುದಿಲ್ಲ.

ಆ ಹಲಗೆಗಳಲ್ಲಿ ಎರಡು ಇಂಗ್ಲಿಷ್ ಪದಗಳು ಆಗಾಗ ಕಾಣಿಸುತ್ತವೆ: ಡಿಸ್‌ಫೇಜಿಯಾ, ಡಿಸ್‌ಫೇಸಿಯಾ. ನೋಡಲು ಅವಳಿ ಮಕ್ಕಳು. ನಡುವೆ ‘ಜಿ’ ಅಕ್ಷರವಿದ್ದರೆ ರೋಗಿಗೆ ನುಂಗುವುದು ಕಷ್ಟ; ಕೊಟ್ಟ ನೀರು ಶ್ವಾಸಕೋಶಕ್ಕಿಳಿದು ಜೀವಕ್ಕೇ ಕುತ್ತಾದೀತು. ‘ಎಸ್’ ಇದ್ದರೆ ಕಷ್ಟವಿರುವುದು ಮಾತಾಡಲು, ಊಟಕ್ಕೆ ಅಡ್ಡಿಯಿಲ್ಲ.

“ನಾನು ಓದಿದ್ದು ಐದನೇ ಕ್ಲಾಸು. ಪಾತ್ರೆ ತೊಳೆಯೋಕೆ ಸೇರಿದವಳು. ಗಾಡಿ ಕೊಟ್ಟಾಗ ಇವೆರಡೂ ಒಂದೇ ಅಂದ್ಕೊಂಡಿದ್ದೆ. ನರ್ಸಮ್ಮ ಕೂರಿಸ್ಕೊಂಡು ಹೇಳ್ಕೊಟ್ರು” ಎನ್ನುತ್ತಾರೆ ಅಕ್ಕ. ಗಂಡನಿಗೆ ರಾತ್ರಿ ಪಾಳಿಯ ಕಾವಲು ಕೆಲಸ. “ಅವರು ಬರೋ ಹೊತ್ತಿಗೆ ನಾನು ಹೊರಟಿರ್ತೀನಿ. ಜಗಳ ಆಡೋಕೂ ರಜೆ ಹಾಕಬೇಕು.”

ಹೋದ ತಿಂಗಳು ಬೇರೆ ವಾರ್ಡಿನಿಂದ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ಇಲ್ಲಿಗೆ ಬರುತ್ತಾರೆ. ಮಾತು ನಿಂತಿದೆ. ಹಲಗೆಯಲ್ಲಿ ‘ಜಿ’. ಹಾಗಾಗಿ ಬಾಯಿಗೆ ಏನೂ ಇಲ್ಲ, ಡ್ರಿಪ್ ಮಾತ್ರ. ಗಾಡಿ ಕಂಡರೆ ಕೈ ಚಾಚುತ್ತಾರೆ, ಬಾಯಿ ತೆರೆದು ತೋರಿಸುತ್ತಾರೆ. “ಬೇಡ ಅಂದಿದ್ದಾರಪ್ಪಾ” ಎನ್ನುತ್ತಾ ಮಗಳು ಕಣ್ಣೊರೆಸಿಕೊಳ್ಳುತ್ತಾರೆ. ಅಕ್ಕ ಮುಖ ತಿರುಗಿಸಿ ಗಾಡಿ ಮುಂದಕ್ಕೆ ತಳ್ಳುತ್ತಾರೆ.

ಮರುದಿನ ಮಗಳು ಒದ್ದೆ ಬಟ್ಟೆಯಿಂದ ತುಟಿ ಒರೆಸುತ್ತಿರುವಾಗ ಕಂಡಕ್ಟರು ಆ ಬಟ್ಟೆಯನ್ನೇ ಕಿತ್ತುಕೊಂಡು ಹೀರುತ್ತಾರೆ. ನೀರು ಶ್ವಾಸಕೋಶಕ್ಕಿಳಿದು ಇನ್ನೇನು ಕೆಮ್ಮುತ್ತಾರೆ ಎಂದು ಅಕ್ಕ ಗಾಡಿ ಬಿಟ್ಟು ಧಾವಿಸುತ್ತಾರೆ. ಆದರೆ ಕೆಮ್ಮು ಬರುವುದಿಲ್ಲ. ಕಂಡಕ್ಟರು ಗುಟುಕು ಇಳಿಸಿ, ಬಾಯಿ ತೆರೆದು, ನೋಡು ಎಂಬಂತೆ ಅಕ್ಕನಿಗೇ ತೋರಿಸುತ್ತಾರೆ.

“ನಾನಾಗೇ ಟೀ ಕೊಡೋಷ್ಟು ಧೈರ್ಯ ಎಲ್ಲಿಂದ ಬರ್ಬೇಕು? ಓಡಿಹೋಗಿ ನರ್ಸಮ್ಮನ್ನ ಕರೆದೆ.”

ನರ್ಸ್ ಹಳೆಯ ವಾರ್ಡಿಗೆ ಫೋನ್ ಮಾಡುತ್ತಾರೆ. ಅಲ್ಲಿ ಕಂಡಕ್ಟರು ದಿನವೂ ಬ್ರೆಡ್ ತಿನ್ನುತ್ತಿದ್ದರಂತೆ. ಇಲ್ಲಿ ಹಲಗೆ ಬರೆಯುವಾಗ ಒಂದಕ್ಷರ ತಪ್ಪಿದೆ. ಡಾಕ್ಟರ್ ಬರುತ್ತಾರೆ. ಚಮಚದಲ್ಲಿ ಒಂದಿಷ್ಟು ನೀರು, ಇನ್ನೊಂದಿಷ್ಟು, ಆಮೇಲೆ ಅರ್ಧ ಲೋಟ. ಎಲ್ಲವೂ ಸಲೀಸಾಗಿ ಇಳಿಯುತ್ತದೆ. “ತಪ್ಪು ನಮ್ಮದು. ಟೀ ಕೊಡಿ” ಎನ್ನುತ್ತಾರೆ ಡಾಕ್ಟರ್. ಮಗಳು ಅಳುತ್ತಲೇ ನಗುತ್ತಾರೆ. ಕಂಡಕ್ಟರು ಲೋಟ ಬರಿದು ಮಾಡಿ ಮತ್ತೆ ಚಾಚುತ್ತಾರೆ.

ಈಗ ಅವರಿಗೆ ಒಂದೊಂದೇ ಮಾತು ಮರಳುತ್ತಿದೆ. ನಿಮ್ಮ ಆಸೆ ಏನು ಎಂದು ಅಕ್ಕನನ್ನು ಕೇಳಿದರೆ ಸೆರಗಲ್ಲಿ ಕೈ ಒರೆಸಿಕೊಳ್ಳುತ್ತಾರೆ.

“ಮೊನ್ನೆ ‘ಸಕ್ಕರೆ’ ಅಂದ್ರು. ಟೀಗೆ ಸಕ್ಕರೆ ಸಾಲ್ದು ಅಂತ ನನ್ನ ಬೈತಾ ಇದ್ರು. ಒಂದಿನ ಬಾಯ್ತುಂಬಾ ಬೈಯೋ ಹಾಗಾಗ್ಲಿ, ಸಾಕು.”