ತಲೆಬರಹ ನಂಬಿದ ಪರೀಕ್ಷಕಿ

ಅವಳ ಮುತ್ತಜ್ಜ ಅಂಗಡಿಗಳ ತೂಕದ ಕಲ್ಲು ಪರೀಕ್ಷಿಸುವ ನೌಕರ. ಸ್ವಂತ ಭಾವಮೈದುನನ ಕಲ್ಲಿನಲ್ಲಿ ಗುಲಗಂಜಿಯಷ್ಟು ಕೊರತೆ ಕಂಡು, ಅದನ್ನು ಪೇಟೆಯ ನಡುವೆಯೇ ಒಡೆದು ಹಾಕಿದವನು. ಅಜ್ಜಿ ಬಾವಿಗಳ ನೀರು ಪರೀಕ್ಷಿಸುತ್ತಿದ್ದಳು. ಮೊದಲು ಮುಚ್ಚಿಸಿದ್ದು ತನ್ನ ಮನೆಯ ಬಾವಿಯನ್ನೇ. ಅಪ್ಪ ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದ. ಮಾಲೀಕನ ಬರಹಕ್ಕೂ ಕೆಂಪು ಗೀಟೆಳೆದು ಕೆಲಸ ಕಳೆದುಕೊಂಡ. ಇಂಥ ಬೀಜದ ಗಿಡ ಬಳುಕುವುದಾದರೂ ಹೇಗೆ?

ಸೈಕಲ್ ಅಂಗಡಿಯ ಮಹಡಿಯಲ್ಲಿ ಹಳೆ ಕಂಪ್ಯೂಟರ್ ರಿಪೇರಿ ಅವಳ ಕಸುಬು. ಜೊತೆಗೆ ಮುಕ್ತ ತಂತ್ರಾಂಶ ಸಂಘದ ಪರೀಕ್ಷಕಿ. ಕಂಪ್ಯೂಟರನ್ನು ನಡೆಸುವ ವ್ಯವಸ್ಥೆಯನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಕಟ್ಟಿ ಹಂಚುತ್ತಾರೆ. ಅದರ ಪ್ರತಿ ತುಣುಕಿನ ಮೂಲವನ್ನೂ ಯಾರು ಬೇಕಾದರೂ ಓದಿ, ತಿದ್ದಿ, ಹಂಚುವಂತಿದ್ದರೆ ಮಾತ್ರ ಸಂಘದ ಪಟ್ಟಿಯಲ್ಲಿ ಜಾಗ. ಮುಚ್ಚಿದ ತುಣುಕು ಒಂದೇ ಒಂದು ಸಿಕ್ಕರೂ ಹೊರಗೆ.

ನಾಲ್ಕು ವರ್ಷದ ಹಿಂದೆ, ಎಲ್ಲರೂ ಗಡ್ಡದಣ್ಣ ಎನ್ನುವ ಹಿರಿಯನ ವ್ಯವಸ್ಥೆಯಲ್ಲಿ ಅಂಥದೊಂದು ಸಿಕ್ಕಿತ್ತು. ಎರಡು ತಿಂಗಳು ಸಮಯ ಕೊಡು ಎಂದು ಅಂಗಲಾಚಿದ್ದ. ಇವಳು ಕೊಡಲಿಲ್ಲ. ಪಟ್ಟಿಯಿಂದ ಬಿದ್ದದ್ದೇ ತಡ, ಜೊತೆಗಾರರು ಕಳಚಿಕೊಂಡರು. ಅವನ ದುಡಿಮೆಯೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತು.

ಅವಳೂ ಹನ್ನೊಂದು ವರ್ಷದಿಂದ ಒಂದು ವ್ಯವಸ್ಥೆ ಕಟ್ಟುತ್ತಾ ಬಂದಿದ್ದಳು. ಅಕ್ಕ ನಡೆಸುವ ವಾಚನಾಲಯದ ಹದಿನೆಂಟು ಯಂತ್ರಗಳು ಅದರಲ್ಲೇ ಓಡುತ್ತಿದ್ದವು. ಅದನ್ನು ಪರೀಕ್ಷಿಸಬೇಕಾದವರು ಅವಳ ಹೆಸರು ನೋಡಿಯೇ ಸಹಿ ಹಾಕಿದ್ದರು. ಈ ಮಂಗಳವಾರ ಏನೋ ಹುಡುಕುತ್ತಾ, ವೈಫೈ ನಡೆಸುವ ಕಡತವೊಂದನ್ನು ಕೆಳತನಕ ಇಳಿಸಿ ನೋಡಿದಳು. ಮೇಲೆ ಮುಕ್ತ ಪರವಾನಗಿಯ ತಲೆಬರಹ. ಕೆಳಗೆ ಮೂಲವೇ ಇಲ್ಲ, ಬರೀ ಅಂಕಿಗಳ ಸಾಲು, ಸಾವಿರಾರು. ಚಿಪ್ ತಯಾರಿಸಿದವರ ಹೊರತು ಯಾರಿಗೂ ಅದರ ಅರ್ಥ ತಿಳಿಯದು. ಹನ್ನೊಂದು ವರ್ಷದ ಹಿಂದೆ ತಲೆಬರಹವಷ್ಟೇ ಓದಿ ಒಳಗೆ ಬಿಟ್ಟವಳು ಅವಳೇ. ಬೇಲಿಯೇ ಹೊಲ ಮೇಯ್ದಿತ್ತು.

ಅದನ್ನು ಕಿತ್ತರೆ ವಾಚನಾಲಯಕ್ಕೆ ಇಂಟರ್‌ನೆಟ್ ಇಲ್ಲ. ತಂತಿ ಎಳೆಯೋಣವೆಂದರೆ ಗೋಡೆಗೆ ತೂತು ಕೊರೆಯಲು ಕಟ್ಟಡದ ಯಜಮಾನ ಬಿಡ. ಉಳಿಸಿಕೊಂಡರೆ ಪಟ್ಟಿಯಿಂದ ಹೊರಗೆ, ಗಡ್ಡದಣ್ಣನ ಗತಿಯೇ ತನಗೂ. ಎರಡು ದಿನ ಬಿಟ್ಟು, ತನ್ನ ತಪ್ಪನ್ನು ಸಂಘಕ್ಕೆ ತಾನೇ ಬರೆದು ತಿಳಿಸಿದಳು.

ಸುದ್ದಿ ಕೇಳಿ ಅಕ್ಕ ಬಾಗಿಲಲ್ಲೇ ನಿಂತು ತರಾಟೆಗೆ ತೆಗೆದುಕೊಂಡಳು. "ಯಾರೂ ಕಂಡಿರ್ಲಿಲ್ಲ ತಾನೆ? ಮತ್ಯಾಕೆ ಬಾಯಿ ಬಿಟ್ಟೆ? ಪಟ್ಟಿಯಿಂದ ಬಿದ್ರೆ ನನ್ನ ಯಂತ್ರಗಳನ್ನ ನೋಡ್ಕೊಳ್ಳೋರು ಯಾರು? ಕೆಲಸಕ್ಕೆ ಅರ್ಜಿ ಹಾಕೋಕೆ ಬರೋರು ನಿನ್ನ ನಿಯಮ ತಿಂದು ಬದುಕ್ತಾರಾ?"



ಅವಳ ಪತ್ರದ ಬಗ್ಗೆ ತೀರ್ಮಾನಿಸಲು ಸಂಘ ಕರೆದ ಸಭೆಯ ಹಿಂದಿನ ದಿನ ಗಡ್ಡದಣ್ಣ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ. ಗಾಯಕ್ಕೆ ಉಪ್ಪು ಸವರಲು ಬಂದನೆಂದೇ ಅವಳೆಣಿಸಿದಳು. ಅವನು ಜೇಬಿನಿಂದ ಕಾಗದ ತೆಗೆದು ಮೇಜಿನ ಮೇಲಿಟ್ಟ. ಸಾರ್ವಜನಿಕರು ಬಳಸುವ ವ್ಯವಸ್ಥೆಗೆ ತಪ್ಪು ಸರಿಪಡಿಸಲು ಒಂದು ವರ್ಷ ಗಡುವು ಕೊಡಬೇಕೆಂಬ ಠರಾವು ಅದರಲ್ಲಿತ್ತು. ತಾನೇ ಮಂಡಿಸುವುದಾಗಿಯೂ, ತಾನು ಮಂಡಿಸಿದರೆ ಯಾರೂ ಅವಳ ಸ್ವಾರ್ಥವೆನ್ನಲಾರರೆಂದೂ ಹೇಳಿದ.

"ಜರಡಿ ತೂತು ಸಣ್ಣದಾದಷ್ಟೂ ಒಳ್ಳೇದು ಅಂತ ಅವತ್ತು ನಂಗೆ ಅಂದಿದ್ದೆ ನೀನು. ತೂತೇ ಮುಚ್ಚಿಹೋದ್ರೆ ಅದು ಜರಡಿಯಲ್ಲ, ತಟ್ಟೆ ಕಣಮ್ಮ."

ಅವಳಿಗೆ ನಗು ಬಂತು; ನಗುತ್ತಲೇ ಕಣ್ಣು ತುಂಬಿತು. ಅವನ ಮಾತು ನಿಜವಿರಬಹುದು ಎಂಬುದೇ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ಆದರೆ ಅವನ ಕಣ್ಣಿಗೆ ಸುಣ್ಣ ಹಚ್ಚಿದ ಕೈ ಈಗ ತನ್ನ ಕಣ್ಣಿಗೆ ಬೆಣ್ಣೆ ಹಚ್ಚಿಕೊಳ್ಳುವುದೇ? ಕಾಗದವನ್ನು ಅವನ ಕಡೆಗೆ ಸರಿಸಿದಳು.

"ಬೇಡ ಅಣ್ಣ. ನಿಮಗೆ ನಾನು ಎರಡು ತಿಂಗಳು ಕೊಡ್ಲಿಲ್ಲ. ನಿಮ್ಮ ಕೈಯಿಂದ್ಲೇ ಒಂದು ವರ್ಷ ಹೇಗೆ ಇಸ್ಕೊಳ್ಳಲಿ? ನಾಳೆ ನನ್ನದನ್ನ ಪಟ್ಟಿಯಿಂದ ಹೊಡೆದು ಹಾಕ್ಲಿ. ಆಮೇಲೆ ಈ ಕಾಗದ ಓದಿ, ನನ್ನ ಹಿಂದೆ ಬರೋರಿಗೆ."